ಐಸ್ ರಸ್ತೆಯಲ್ಲಿ ಕಾರು: ಕೈ ಮುಖ್ಯವೋ, ಟೈರ್ ಮುಖ್ಯವೋ? ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಬೇಸಿಗೆಯಲ್ಲಿ ಊರಿಂದ ಬಂದಿಳಿದವರು, ಓದಲು ಬಂದ ಹುಡುಗರು, ಹೊಸ ಕಾರು ತೆಗೆದುಕೊಂಡ ಗೆಳೆಯರು ಎಲ್ಲರೂ ಕೇಳುವುದು ಅವೇ ಹದಿನೇಳು ಪ್ರಶ್ನೆ. ನಾನು ಮೆಕ್ಯಾನಿಕ್ ಅಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರೂ ಅಲ್ಲ. ಕೆನಡಾದ ಒಂಟಾರಿಯೋದಲ್ಲಿ ಹದಿನಾರು ಚಳಿಗಾಲ ಕಾರು ಓಡಿಸಿದ, ಒಮ್ಮೆ ಚರಂಡಿಗೂ ಇಳಿಸಿದ ಹಾಸನದ ಮನುಷ್ಯ. ಕೇಳಿದವರ ಮಾತಲ್ಲೇ ಪ್ರಶ್ನೆಗಳನ್ನು ಇಟ್ಟು, ನನಗೆ ತಿಳಿದಷ್ಟು ಬರೆದಿದ್ದೇನೆ.

## ಮೊದಲ ಚಳಿಗಾಲದವರಿಗೆ

"ಹತ್ತು ವರ್ಷ ಮಳೆಗಾಲದಲ್ಲಿ ಶಿರಾಡಿ ಘಾಟಿ ಓಡಿಸಿದ್ದೀನಿ ಸಾರ್. ಇಲ್ಲಿ ಹೊಸದಾಗಿ ಕಲಿಯೋದೇನಿದೆ?"

ಅರ್ಧ ಕಲಿತಾಗಿದೆ. ಇಳಿಜಾರಿನಲ್ಲಿ ಸಣ್ಣ ಗೇರ್ ಹಾಕುವುದು, ತಿರುವಿಗೆ ಮೊದಲೇ ವೇಗ ಇಳಿಸುವುದು, ಮಂಜಿನಲ್ಲಿ ತಾಳ್ಮೆಯಿಂದ ಹೋಗುವುದು, ಇವೆಲ್ಲ ಇಲ್ಲೂ ನಡೆಯುವ ನಾಣ್ಯ. ಆದರೆ ಒಂದು ವ್ಯತ್ಯಾಸ ಇದೆ. ಒಣ ಟಾರು ಟೈರಿಗೆ ಕೊಡುವ ಹಿಡಿತ ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ಮಳೆ ಬಿದ್ದ ಟಾರಿನಲ್ಲಿ ಸುಮಾರು 60-70 ಪೈಸೆ ಸಿಗುತ್ತದೆ. ತುಳಿದು ಗಟ್ಟಿಯಾದ ಸ್ನೋ ಮೇಲೆ 25 ಪೈಸೆ. ಐಸ್ ಮೇಲೆ 12 ಪೈಸೆ, ಕೆಲವೊಮ್ಮೆ ಅದೂ ಇಲ್ಲ. ಘಾಟಿಯಲ್ಲಿ ನೀವು 60 ಪೈಸೆಯಲ್ಲಿ ಸಂಸಾರ ಮಾಡಿದವರು. ಇಲ್ಲಿ 12 ಪೈಸೆಯಲ್ಲಿ ಬ್ರೇಕು, ತಿರುವು, ಏರು ಎಲ್ಲ ತೂಗಿಸಬೇಕು.

ಇನ್ನೊಂದು, ಬೆಂಗಳೂರಿನ ಟ್ರಾಫಿಕ್ಕು ನಮಗೆ ಕೊನೇ ಗಳಿಗೆಯ ಚುರುಕು ಕಲಿಸಿದೆ. ಗಕ್ಕನೆ ಬ್ರೇಕ್, ಸರಕ್ಕನೆ ಎಡಕ್ಕೆ, ಆಟೋ ಪಕ್ಕ ಒಂದಿಂಚು ಜಾಗದಲ್ಲಿ ನುಗ್ಗು. ಐಸ್ ಮೇಲೆ ಈ ಚುರುಕೇ ಶತ್ರು. ತುಂಬಿದ ಪಾಯಸದ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡವರ ಹಾಗೆ ಓಡಿಸಬೇಕು.

"ಸ್ನೋ ಬಿದ್ದ ದಿನ ಜಾಸ್ತಿ ಅಪಾಯನಾ, ಚಳಿ ಜಾಸ್ತಿ ಇರೋ ದಿನನಾ?"

ಎರಡೂ ಅಲ್ಲ. ನನ್ನ ಮಟ್ಟಿಗೆ ಅತಿ ಅಪಾಯದ ದಿನ ಎಂದರೆ ಸೊನ್ನೆ ಡಿಗ್ರಿಯ ಆಸುಪಾಸಿನ ದಿನ. ಮೈನಸ್ 20ರಲ್ಲಿ ಐಸ್ ಒಣಗಿ ಒರಟಾಗಿರುತ್ತದೆ, ಟೈರಿಗೆ ಸ್ವಲ್ಪ ಕಚ್ಚಲು ಸಿಗುತ್ತದೆ. ಸೊನ್ನೆ ಹತ್ತಿರ ಐಸಿನ ಮೇಲೆ ತೆಳುವಾದ ನೀರಿನ ಪದರ ಇರುತ್ತದೆ. ಪಾಚಿಗಟ್ಟಿದ ಬಾವಿಕಟ್ಟೆ ಮೇಲೆ ಎಣ್ಣೆ ಚೆಲ್ಲಿದ ಹಾಗೆ.

ಸ್ನೋ ಕಣ್ಣಿಗೆ ಕಾಣುತ್ತದೆ, ಎಲ್ಲರೂ ನಿಧಾನ ಮಾಡುತ್ತಾರೆ. ಬ್ಲ್ಯಾಕ್ ಐಸ್ ಕಾಣುವುದಿಲ್ಲ. ಹೆಸರು ಕಪ್ಪು, ನಿಜಕ್ಕೂ ಅದು ಗಾಜಿನಂಥ ಪದರ, ಕೆಳಗಿನ ಟಾರು ಕಾಣುವುದರಿಂದ ಒದ್ದೆ ರಸ್ತೆ ಅನಿಸುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಬೆಳಗ್ಗೆ ಹುಷಾರಾಗಿರಿ. ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ, ಯಾಕೆಂದರೆ ಅಡಿಯಲ್ಲಿ ಮಣ್ಣಿನ ಬಿಸಿ ಇಲ್ಲ, ಮೇಲೂ ಕೆಳಗೂ ತಣ್ಣನೆ ಗಾಳಿ. ಮುಂದಿನ ಕಾರುಗಳ ಚಕ್ರದಿಂದ ನೀರು ಸಿಡಿಯುತ್ತಿದ್ದರೆ ರಸ್ತೆ ಒದ್ದೆ. ರಸ್ತೆ ಒದ್ದೆಯಂತೆ ಕಂಡು ನೀರು ಸಿಡಿಯದಿದ್ದರೆ, ಕಾಲು ಆಕ್ಸಲರೇಟರಿಂದ ಮೆಲ್ಲಗೆ ಮೇಲೆ ಬರಲಿ.

"ವಿಂಟರ್ ಟೈರ್ ಅನ್ನೋದೆಲ್ಲ ವ್ಯಾಪಾರದ ಗಿಮಿಕ್ ಅಂತಾರಲ್ಲ?"

ನಾನೂ ಮೊದಲ ವರ್ಷ ಹಾಗೇ ಅಂದುಕೊಂಡಿದ್ದೆ. ಗಿಮಿಕ್ ಅಲ್ಲ, ರಬ್ಬರಿನ ಗುಣ. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟ ಹೋಳಿಗೆ ಹೇಗೆ ಬಿರುಸಾಗುತ್ತದೋ ಹಾಗೆ. ಬಿರುಸಾದ ರಬ್ಬರು ರಸ್ತೆಯ ಉಬ್ಬುತಗ್ಗಿಗೆ ಒಗ್ಗುವುದಿಲ್ಲ, ಜಾರುತ್ತದೆ. ವಿಂಟರ್ ಟೈರಿನ ರಬ್ಬರು ಮೈನಸ್ 20ರಲ್ಲೂ ಮೆತ್ತಗಿರುತ್ತದೆ. ಜೊತೆಗೆ ಅದರ ಮೈಮೇಲೆ ಬ್ಲೇಡಿನಲ್ಲಿ ಗೀರಿದಂಥ ನೂರಾರು ಸಣ್ಣ ಸೀಳುಗಳಿರುತ್ತವೆ. ಪ್ರತಿ ಸೀಳಿನ ಅಂಚೂ ಐಸನ್ನು ಕಚ್ಚುತ್ತದೆ.

ಇದು ನಿನ್ನೆ ಮೊನ್ನೆಯ ಐಡಿಯಾ ಕೂಡ ಅಲ್ಲ. ಫಿನ್ಲೆಂಡಿನ ನೋಕಿಯನ್ ಕಂಪನಿ ಲಾರಿಗಳಿಗಾಗಿ ಮೊದಲ ವಿಂಟರ್ ಟೈರ್ ಮಾಡಿದ್ದು 1934ರಲ್ಲಿ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದೆಯಾ ನೋಡಿ. ಆ ಗುರುತಿದ್ದರೆ ಟೈರು ಹಿಮದ ಮೇಲೆ ಪರೀಕ್ಷೆ ಪಾಸಾಗಿದೆ. ಬರೀ 'ಎಂ ಪ್ಲಸ್ ಎಸ್' ಎಂದಿದ್ದರೆ ಅದು ಕೆಸರು ಮತ್ತು ಸ್ನೋಗೆ ಅಂತ ಕಂಪನಿಯೇ ಹೇಳಿಕೊಂಡ ಮಾತು, ಪರೀಕ್ಷೆ ಇಲ್ಲ.

"ಆಲ್ ಸೀಸನ್ ಅಂತ ಹೆಸರಲ್ಲೇ ಇದೆಯಲ್ಲ, ಸಾಕಾಗಲ್ವಾ?"

ಹೆಸರಿಟ್ಟವರು ಬಹುಶಃ ಮೈನಸ್ 25 ನೋಡಿಲ್ಲ. ಇಲ್ಲಿನವರು ತಮಾಷೆಗೆ ಅದನ್ನು ಮೂರು ಸೀಸನ್ ಟೈರ್ ಅನ್ನುತ್ತಾರೆ. ಈಗ 'ಆಲ್ ವೆದರ್' ಎಂಬ ಇನ್ನೊಂದು ಜಾತಿ ಬಂದಿದೆ. ಅದರ ಮೇಲೆ ಬೆಟ್ಟ-ಹರಳಿನ ಗುರುತು ಇರುತ್ತದೆ, ವರ್ಷವಿಡೀ ಒಂದೇ ಸೆಟ್ ನಡೆಯುತ್ತದೆ. ಊರೊಳಗೆ ಮಾತ್ರ ಓಡಾಡುವವರಿಗೆ, ಟೈರ್ ಇಡಲು ಜಾಗ ಇಲ್ಲದ ಅಪಾರ್ಟ್‌ಮೆಂಟಿನವರಿಗೆ ಅದು ಒಳ್ಳೆಯ ರಾಜಿ.

"ಮುಂದಿನ ಚಕ್ರದಿಂದ ತಾನೇ ಕಾರು ಓಡೋದು? ಎರಡೇ ವಿಂಟರ್ ಟೈರ್ ಹಾಕಿಸಿದ್ರೆ ಆಗಲ್ವಾ?"

ದಯವಿಟ್ಟು ಬೇಡ. ಮುಂದೆ ಹಿಡಿತ, ಹಿಂದೆ ಇಲ್ಲ ಅಂದರೆ ಬ್ರೇಕ್ ಒತ್ತಿದಾಗ ಹಿಂಭಾಗ ತಿರುಗಿ ಮುಂದೆ ಬರುತ್ತದೆ. ನಾಲ್ಕೂ ಬದಲಿಸಿ, ಇಲ್ಲ ಸುಮ್ನಿರಿ.

"ಕಾನೂನಿನ ಪ್ರಕಾರ ಹಾಕಿಸಲೇಬೇಕಾ?"

ನೀವು ಎಲ್ಲಿದ್ದೀರಿ ಎನ್ನುವುದರ ಮೇಲೆ. ಕ್ವಿಬೆಕ್‌ನಲ್ಲಿ 2008ರಿಂದ ಕಡ್ಡಾಯ, ಈಗಿನ ಅವಧಿ ಡಿಸೆಂಬರ್ 1ರಿಂದ ಮಾರ್ಚ್ 15. ಬ್ರಿಟಿಷ್ ಕೊಲಂಬಿಯಾದಲ್ಲಿ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ಬೇಕು. ಒಂಟಾರಿಯೋದಲ್ಲಿ ಕಡ್ಡಾಯ ಇಲ್ಲ, ಆದರೆ 2016ರಿಂದ ವಿಂಟರ್ ಟೈರ್ ಹಾಕಿಸಿದವರಿಗೆ ಇನ್ಶೂರೆನ್ಸ್ ಕಂಪನಿಗಳು ರಿಯಾಯಿತಿ ಕೊಡಲೇಬೇಕು. ಕೇಳಿ ಪಡೆಯಿರಿ, ಅವರಾಗಿ ಕರೆದು ಕೊಡುವುದಿಲ್ಲ. ಜರ್ಮನಿಯಲ್ಲಿ ತಾರೀಖಿಲ್ಲ, ರಸ್ತೆ ಹಿಮ-ಐಸಿನಿಂದ ಕೂಡಿದ್ದರೆ ಟೈರ್ ಇರಬೇಕು ಅಷ್ಟೇ. 2024ರ ಅಕ್ಟೋಬರಿನಿಂದ ಅಲ್ಲಿ ಬೆಟ್ಟ-ಹರಳಿನ ಗುರುತಿಗೆ ಮಾತ್ರ ಬೆಲೆ.

## ಕಾರನ್ನು ನಂಬಿದವರಿಗೆ

"ನಂದು ಆಲ್ ವೀಲ್ ಡ್ರೈವ್ ಎಸ್‌ಯುವಿ. ನಂಗ್ಯಾಕೆ ವಿಂಟರ್ ಟೈರ್?"

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಾನು ಚರಂಡಿಗೆ ಇಳಿದ ಕಥೆಯೂ ಇದೇ.

ನಾಲ್ಕು ಚಕ್ರಕ್ಕೂ ಇಂಜಿನ್ ಶಕ್ತಿ ಹೋದರೆ ಕಾರು ಸುಲಭವಾಗಿ ಹೊರಡುತ್ತದೆ, ಏರು ಹತ್ತುತ್ತದೆ. 1980ರಲ್ಲಿ ಆಡಿ ಕ್ವಾಟ್ರೋ ಬಂದು ರ್‍ಯಾಲಿಗಳನ್ನು ಗೆದ್ದ ಮೇಲೆ ಈ ವಿದ್ಯೆಗೆ ಎಲ್ಲಿಲ್ಲದ ಹೆಸರು ಬಂತು. ಆದರೆ ಯೋಚಿಸಿ. ಬ್ರೇಕ್ ಯಾವ ಕಾರಿನಲ್ಲಿ ನಾಲ್ಕು ಚಕ್ರಕ್ಕೂ ಇಲ್ಲ? ಹಳೇ ಆಲ್ಟೋಗೂ ಇದೆ. ನಿಲ್ಲುವ ವಿಷಯಕ್ಕೆ ಬಂದರೆ ಆಲ್ ವೀಲ್ ಡ್ರೈವಿನಿಂದ ಏನೂ ಲಾಭ ಇಲ್ಲ. ಮೇಲಾಗಿ ಎಸ್‌ಯುವಿ ಎತ್ತರ, ತಿರುವಿನಲ್ಲಿ ಬೇಗ ವಾಲುತ್ತದೆ.

ನನ್ನ ಎರಡನೇ ಚಳಿಗಾಲ. ಹೊಸ ಎಸ್‌ಯುವಿ, ಆಲ್ ಸೀಸನ್ ಟೈರ್. ಸಿಗ್ನಲ್ಲಿನಲ್ಲಿ ಎಲ್ಲರ ಚಕ್ರ ಗರಗರ ಸುತ್ತುತ್ತಿದ್ದರೆ ನಾನು ಜುಮ್ಮನೆ ಹೊರಟೆ. ಅದೇ ನನ್ನ ತಲೆ ಕೆಡಿಸಿತು. ರಸ್ತೆ ಚೆನ್ನಾಗಿದೆ ಅನಿಸಿತು. ಹೆದ್ದಾರಿಯಿಂದ ಇಳಿಯುವ ವೃತ್ತಾಕಾರದ ದಾರಿಯಲ್ಲಿ ಸ್ಟೀರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ಬ್ರೇಕ್ ಒತ್ತಿದೆ, ನಿಲ್ಲಲಿಲ್ಲ. ನೇರ ಹೋಗಿ ಹಿಮದ ರಾಶಿ ದಾಟಿ ಚರಂಡಿಯಲ್ಲಿ ಕೂತಿತು. ಯಾರಿಗೂ ಏನೂ ಆಗಲಿಲ್ಲ, ಹೆಂಡತಿಯ ಮೌನ ಬಿಟ್ಟರೆ. ಎಳೆಯಲು ಬಂದ ಲಾರಿಯವನು ನನ್ನ ಮುಖ ನೋಡುವ ಮೊದಲು ಬಗ್ಗಿ ನನ್ನ ಟೈರ್ ನೋಡಿದ.

ಇರುವ ದುಡ್ಡಿನಲ್ಲಿ ಒಂದನ್ನೇ ಆರಿಸಬೇಕಾದರೆ, ಮುಂದಿನ ಎರಡು ಚಕ್ರ ಓಡುವ ಸಾದಾ ಕಾರು ಮತ್ತು ಒಳ್ಳೆಯ ವಿಂಟರ್ ಟೈರ್. ಹಳ್ಳಿ ರಸ್ತೆಯಲ್ಲಿ, ಕಡಿದಾದ ಏರಿನ ಮೇಲೆ ಮನೆ ಇರುವವರ ಲೆಕ್ಕ ಬೇರೆ, ಅವರಿಗೆ ಎರಡೂ ಬೇಕು.

"ಬ್ರೇಕ್ ಒತ್ತಿದ್ರೆ ಪೆಡಲ್ ಗಡಗಡ ಅಂತ ಕಾಲಿಗೆ ಹೊಡೀತು. ಕಾರು ಕೆಟ್ಟಿದ್ಯಾ?"

ಇಲ್ಲ, ಅದು ಎಬಿಎಸ್. ಚಕ್ರ ಲಾಕ್ ಆಗದಂತೆ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತದೆ. ಕಾಲು ತೆಗೆಯಬೇಡಿ, ಗಟ್ಟಿಯಾಗಿ ಒತ್ತಿಯೇ ಇರಿ, ಸ್ಟೀರಿಂಗ್ ನಿಮ್ಮ ಮಾತು ಕೇಳುತ್ತದೆ. ಅಪ್ಪಂದಿರು ಕಲಿಸಿದ 'ಬ್ರೇಕ್ ಒತ್ತಿ ಬಿಡು, ಒತ್ತಿ ಬಿಡು' ಪಾಠ ಎಬಿಎಸ್ ಇಲ್ಲದ ಕಾಲದ್ದು. ಆದರೆ ಎಬಿಎಸ್ ಹಿಡಿತವನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಹಾಳಾಗದಂತೆ ಬಳಸುತ್ತದೆ. ಹೊಸದಾಗಿ ಬಿದ್ದ ಉದುರು ಸ್ನೋ ಮೇಲೆ ಎಬಿಎಸ್ ಕಾರು ನಿಲ್ಲಲು ಇನ್ನೂ ಸ್ವಲ್ಪ ಜಾಸ್ತಿ ದೂರ ಬೇಕಾಗಬಹುದು. ಲಾಕ್ ಆದ ಚಕ್ರ ತನ್ನ ಮುಂದೆ ಸ್ನೋ ಗುಡ್ಡೆ ಮಾಡಿಕೊಂಡು ನಿಲ್ಲುತ್ತದೆ, ಉರುಳುವ ಚಕ್ರಕ್ಕೆ ಆ ಗುಡ್ಡೆ ಸಿಗುವುದಿಲ್ಲ.

ಇದರ ತಮ್ಮ ಇಎಸ್‌ಸಿ, ಕಾರು ಅಡ್ಡ ತಿರುಗದಂತೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುವ ವ್ಯವಸ್ಥೆ. 1995ರಲ್ಲಿ ಮರ್ಸಿಡಿಸ್‌ನ ದೊಡ್ಡ ಕಾರಿನಲ್ಲಿ ಬಂತು. ಕೆನಡಾದಲ್ಲಿ 2011ರ ಸೆಪ್ಟೆಂಬರಿನಿಂದ ತಯಾರಾದ ಹೊಸ ಕಾರುಗಳಲ್ಲಿ ಕಡ್ಡಾಯ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದೊಂದನ್ನು ಮರೆಯದೆ ನೋಡಿ. ಉಪಕರಣಗಳಲ್ಲಿ ಟೈರ್ ಬಿಟ್ಟರೆ ನನ್ನ ನಂಬಿಕೆ ಇದರ ಮೇಲೆ.

"ಎಲೆಕ್ಟ್ರಿಕ್ ಕಾರು ಐಸ್ ಮೇಲೆ ಹೇಗೆ?"

ಬ್ಯಾಟರಿ ಕೆಳಗಿರುವುದರಿಂದ ಸ್ಥಿರವಾಗಿರುತ್ತದೆ, ಆದರೆ ತೂಕ ಜಾಸ್ತಿ. ಆಕ್ಸಲರೇಟರ್ ಬಿಟ್ಟ ತಕ್ಷಣ ಮೋಟರ್ ಕಾರನ್ನು ಹಿಡಿದೆಳೆಯುತ್ತದಲ್ಲ, ಐಸ್ ಮೇಲೆ ಆ ಎಳೆತಕ್ಕೇ ಚಕ್ರ ಜಾರಬಹುದು. ಅದನ್ನು ಕಡಿಮೆ ಮಟ್ಟಕ್ಕೆ ಇಡಿ. ಚಳಿಯಲ್ಲಿ ಒಂದು ಚಾರ್ಜಿಗೆ ಹೋಗುವ ದೂರವೂ ಇಳಿಯುತ್ತದೆ, ಲೆಕ್ಕ ಹಾಕಿ ಹೊರಡಿ.

"ರಸ್ತೆಗೆ ಉಪ್ಪು ಹಾಕಿರ್ತಾರಲ್ಲ, ಇನ್ನೇನು ಭಯ?"

ಉಪ್ಪು ನೀರು ಹೆಪ್ಪುಗಟ್ಟುವ ಬಿಂದುವನ್ನು ಕೆಳಗಿಳಿಸುತ್ತದೆ. ಆದರೆ ಸುಮಾರು ಮೈನಸ್ 10 ದಾಟಿದ ಮೇಲೆ ಸಾದಾ ಉಪ್ಪಿನ ಕಸುವು ಬೇಗ ಕುಗ್ಗುತ್ತದೆ. ಆಗ ಮರಳು ಎರಚುತ್ತಾರೆ. ಅದು ಐಸ್ ಕರಗಿಸುವುದಿಲ್ಲ, ಟೈರಿಗೆ ಒರಟು ಕೊಡುತ್ತದೆ ಅಷ್ಟೇ. ಇಲ್ಲಿ ಉಪ್ಪಿಗೇನೂ ಬರ ಇಲ್ಲ. ಒಂಟಾರಿಯೋದ ಗಾಡ್ರಿಚ್ ಊರಿನಲ್ಲಿ ಹ್ಯೂರಾನ್ ಸರೋವರದ ತಳದಡಿ, 500 ಮೀಟರಿಗೂ ಆಳದಲ್ಲಿ, ಜಗತ್ತಿನ ಅತಿ ದೊಡ್ಡ ಉಪ್ಪಿನ ಗಣಿ ಇದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವ ಗಾದೆ ಕಾರಿಗೂ ಸಲ್ಲುತ್ತದೆ. ತಿಂಗಳಿಗೆರಡು ಸಲ ಅಡಿಭಾಗ ತೊಳೆಸಿ, ಇಲ್ಲದಿದ್ದರೆ ತುಕ್ಕು ತಿಂದು ಮುಗಿಸುತ್ತದೆ.

## ಕೈಯನ್ನು ನಂಬಿದವರಿಗೆ

"ಸುತ್ತಿ ಬಳಸಿ ಬೇಡ. ಟೈರ್ ಮುಖ್ಯನಾ, ಡ್ರೈವರ್ ಮುಖ್ಯನಾ?"

ಪೇಪರು ಪೆನ್ನು ತೆಗೆದುಕೊಳ್ಳಿ. ಗಂಟೆಗೆ 50 ಕಿ.ಮೀ. ವೇಗ, ಗಟ್ಟಿಯಾದ ಸ್ನೋ, ಸಾಧಾರಣ ಟೈರ್. ಬ್ರೇಕ್ ಹಿಡಿದ ಜಾಗದಿಂದ ಕಾರು ನಿಲ್ಲಲು ಸುಮಾರು 49 ಮೀಟರ್ ಬೇಕು. ಒಣ ಟಾರಿನಲ್ಲಾದರೆ 12 ಮೀಟರ್ ಸಾಕಿತ್ತು.

ಈಗ ಡ್ರೈವರ್ ತುಂಬಾ ಚುರುಕು, ಬೇರೆಯವರಿಗಿಂತ ಅರ್ಧ ಸೆಕೆಂಡ್ ಮೊದಲೇ ಬ್ರೇಕ್ ಒತ್ತಿದ ಎನ್ನೋಣ. ಆ ವೇಗದಲ್ಲಿ ಕಾರು ಸೆಕೆಂಡಿಗೆ 14 ಮೀಟರ್ ಓಡುತ್ತದೆ, ಅಂದರೆ ಉಳಿದದ್ದು 7 ಮೀಟರ್. ಚುರುಕಿಲ್ಲದ ಡ್ರೈವರ್, ಆದರೆ ಮೂರನೇ ಒಂದು ಪಾಲು ಜಾಸ್ತಿ ಹಿಡಿತ ಕೊಡುವ ಟೈರ್: 49 ಮೀಟರ್ ಇದ್ದದ್ದು 37ಕ್ಕೆ ಇಳಿಯಿತು, ಉಳಿದದ್ದು 12. ಇಲ್ಲಿಗೆ ಟೈರ್ ಗೆದ್ದಿತು. ಆದರೆ ಹಳೇ ಟೈರಿನಲ್ಲೇ ವೇಗವನ್ನು 50ರ ಬದಲು 40 ಇಟ್ಟರೆ? 49 ಇದ್ದದ್ದು 31ಕ್ಕೆ ಇಳಿಯುತ್ತದೆ, ಉಳಿತಾಯ 18 ಮೀಟರ್. ಬಿಡಿಗಾಸು ಖರ್ಚಿಲ್ಲ.

ಹಾಗಾಗಿ ನನ್ನ ಉತ್ತರ: ಜಾರಿದ ಮೇಲೆ ತೋರಿಸುವ ಕೈಚಳಕಕ್ಕಿಂತ ಟೈರ್ ದೊಡ್ಡದು. ಟೈರಿಗಿಂತ ಆ 10 ಕಿ.ಮೀ. ಬಿಟ್ಟುಕೊಡುವ ಬುದ್ಧಿ ದೊಡ್ಡದು. ಅದನ್ನು ನೀವು ಡ್ರೈವರನ ಲೆಕ್ಕಕ್ಕೆ ಬರೆದುಕೊಂಡರೆ ನನ್ನ ತಕರಾರಿಲ್ಲ. ಆದರೆ ಕೈಚಳಕದ ಬಗ್ಗೆ ಜೋರಾಗಿ ಮಾತಾಡುವವರು ನಿಧಾನವಾಗಿ ಹೋಗುವುದನ್ನು ನಾನು ಕಂಡದ್ದು ಕಡಿಮೆ.

"ಕಾರು ಜಾರೋಕೆ ಶುರುವಾದ್ರೆ ಆ ಕ್ಷಣ ಏನು ಮಾಡ್ಲಿ?"

ಎರಡು ಥರದ ಜಾರುವಿಕೆ ಇದೆ. ಮುಂಭಾಗ ಜಾರಿದರೆ, ನೀವು ತಿರುಗಿಸಿದರೂ ಕಾರು ನೇರ ಹೋಗುತ್ತಿರುತ್ತದೆ. ಗಾಬರಿಯಲ್ಲಿ ಎಲ್ಲರೂ ಇನ್ನಷ್ಟು ತಿರುಗಿಸುತ್ತಾರೆ, ಅದೇ ತಪ್ಪು. ಆಕ್ಸಲರೇಟರ್ ಬಿಡಿ, ಸ್ಟೀರಿಂಗನ್ನು ಸ್ವಲ್ಪ ವಾಪಸ್ ತನ್ನಿ, ಟೈರ್ ಮತ್ತೆ ಕಚ್ಚುವವರೆಗೆ ಅರೆಕ್ಷಣ ಕಾಯಿರಿ. ಆ ಅರೆಕ್ಷಣ ಒಂದು ಯುಗದ ಹಾಗಿರುತ್ತದೆ.

ಹಿಂಭಾಗ ಜಾರಿದರೆ ಕಾರಿನ ಬಾಲ ಒಂದು ಕಡೆ ಹೊರಟಿರುತ್ತದೆ. ನೀವು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಣ್ಣು ನೆಡಿ, ಕೈ ಕಣ್ಣಿನ ಹಿಂದೆ ಹೋಗುತ್ತದೆ. ಕಂಬ ನೋಡಿದರೆ ಕಂಬಕ್ಕೇ ಹೋಗುತ್ತೀರಿ. ಬಾಲ ಸರಿಹೋಗುತ್ತಿದ್ದಂತೆ ಸ್ಟೀರಿಂಗನ್ನೂ ನೇರಕ್ಕೆ ತನ್ನಿ, ಇಲ್ಲದಿದ್ದರೆ ಅದು ಇನ್ನೊಂದು ಕಡೆಗೆ ಹೊಡೆಯುತ್ತದೆ. ಜಾಗವೇ ಇಲ್ಲ, ಗುದ್ದುವುದು ಖಂಡಿತ ಅನಿಸಿದರೆ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಿರಿ. ಉಳಿದದ್ದನ್ನು ಎಬಿಎಸ್ ನೋಡಿಕೊಳ್ಳಲಿ.

ಅಂದಹಾಗೆ, ಇಂಥ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಬೇಡಿ. ಕಾಲಿಗೆ ತಿಳಿಯುವ ಜಾರು ಅದಕ್ಕೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ.

"ಇದನ್ನೆಲ್ಲ ಅಭ್ಯಾಸ ಮಾಡೋದೆಲ್ಲಿ?"

ಮೊದಲ ಸ್ನೋ ಬಿದ್ದ ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗ. ಜಾಗದವರ ಒಪ್ಪಿಗೆ ಇರಲಿ, ದೀಪದ ಕಂಬಗಳಿಂದ ದೂರ ಇರಿ. 20-30 ವೇಗದಲ್ಲಿ ಹೋಗಿ ಬ್ರೇಕ್ ಬಲವಾಗಿ ಒತ್ತಿ. ಎಬಿಎಸ್ಸಿನ ಗಡಗಡ ಅಲ್ಲೇ ಪರಿಚಯವಾಗಲಿ. ಎಷ್ಟು ದೂರಕ್ಕೆ ನಿಂತಿತು ನೋಡಿ. ನನ್ನ ಅಕ್ಕನ ಮಗನನ್ನು ಕರೆದೊಯ್ದಾಗ ಮೊದಲ ಸಲಕ್ಕೇ ಅವನ ಮಾತು ನಿಂತಿತು.

"ಜಾರು ರಸ್ತೆಯ ತರಬೇತಿ ಕೋರ್ಸ್ ಮಾಡಿಬಿಟ್ರೆ ಭಯ ಇರಲ್ಲ ಅಲ್ವಾ?"

ಭಯ ಇರುವುದಿಲ್ಲ ಎನ್ನುವುದೇ ತೊಂದರೆ. ನಾರ್ವೆಯಲ್ಲಿ 1979ರಲ್ಲಿ ಹೊಸ ಡ್ರೈವರುಗಳಿಗೆ ಜಾರು ರಸ್ತೆ ತರಬೇತಿ ಕಡ್ಡಾಯ ಮಾಡಿದರು. ಆಮೇಲೆ ಪರಿಶೀಲಿಸಿದರೆ ಹರೆಯದ ಹುಡುಗರ ಜಾರು ರಸ್ತೆ ಅಪಘಾತ ಇಳಿಯುವ ಬದಲು ಏರಿತ್ತು. ಜಾರಿದರೆ ಹಿಡಿಯಬಲ್ಲೆ ಎನ್ನುವ ಧೈರ್ಯ ಬಂದಿತ್ತು, ವೇಗವೂ ಬಂದಿತ್ತು. ಸ್ವೀಡನ್ನಿನಲ್ಲಿ ಈಗಲೂ ಲೈಸೆನ್ಸಿಗೆ ಜಾರು ನೆಲದ ಪಾಠ ಕಡ್ಡಾಯ. ಆದರೆ ಪಾಠದ ಗುರಿ ಬದಲಾಗಿದೆ. 'ಜಾರಿದರೆ ಹೀಗೆ ಹಿಡಿ' ಎನ್ನುವುದಕ್ಕಿಂತ, 'ಜಾರಿದರೆ ನಿನ್ನ ಕೈಲಿ ಆಗುವುದಿಲ್ಲ, ನೀನೇ ನೋಡು' ಎಂದು ತೋರಿಸುವುದಕ್ಕೆ ಒತ್ತು.

ಉಪಕರಣದ ಕಥೆಯೂ ಇದೇ. 1980ರ ದಶಕದಲ್ಲಿ ಮ್ಯೂನಿಕ್ ನಗರದ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ ಇತ್ತು, ಕೆಲವಕ್ಕೆ ಇರಲಿಲ್ಲ. ಎರಡನ್ನೂ ಹೋಲಿಸಿ ನೋಡಿದಾಗ ಅಪಘಾತಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಎಬಿಎಸ್ ಇದ್ದವರು ಮುಂದಿನ ಗಾಡಿಗೆ ಹತ್ತಿರ ಹತ್ತಿರ ಓಡಿಸುತ್ತಿದ್ದರು. ಕೊಟ್ಟ ಲಾಭವನ್ನು ಡ್ರೈವರ್ ಖರ್ಚು ಮಾಡಿಬಿಟ್ಟಿದ್ದ. ನಾನು ಚರಂಡಿಗೆ ಹೋದ ದಿನ ಮಾಡಿದ್ದೂ ಅದನ್ನೇ.

ಕೋರ್ಸ್ ಮಾಡಿ. ಮುಗಿಸಿ ಬರುವಾಗ ಮೊದಲಿಗಿಂತ ಸ್ವಲ್ಪ ಹೆದರಿಕೊಂಡು ಬಂದರೆ ಕೊಟ್ಟ ದುಡ್ಡು ವಸೂಲಾಯಿತು ಎಂದುಕೊಳ್ಳಿ.

## ಬೇರೆ ಕೆಲವು

"ಬೆಂಗಳೂರಿಂದ ಡಿಸೆಂಬರಲ್ಲಿ ಮನಾಲಿಗೆ ಹೋಗ್ತಿದ್ದೀವಿ. ನಾನೇ ಓಡಿಸಬಹುದಾ?"

ಊರಿನ ತಮ್ಮಂದಿರು ಕೇಳುವ ಪ್ರಶ್ನೆ. 2020ರ ಅಕ್ಟೋಬರಿನಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಲಾಹೌಲ್ ಕಣಿವೆಗೆ ಜನ ನುಗ್ಗುತ್ತಾರೆ. ಸುರಂಗದ ಬಾಯಿ ಇರುವುದೇ 3,000 ಮೀಟರ್ ಎತ್ತರದಲ್ಲಿ. ದಕ್ಷಿಣದಿಂದ ಬಂದ ಕಾರಿನಲ್ಲಿರುವುದು ನಮ್ಮ ಸೆಖೆಗೆ ಮಾಡಿದ ಟೈರ್. ಹಿಮ ಜೋರಾದರೆ ಪೊಲೀಸರು ಫೋರ್ ಬೈ ಫೋರ್ ಅಥವಾ ಚೈನ್ ಕಟ್ಟಿದ ಗಾಡಿ ಬಿಟ್ಟು ಬೇರೆಯದನ್ನು ತಡೆಯುತ್ತಾರೆ. ಅವರ ಜೊತೆ ವಾದ ಬೇಡ.

ಚೈನ್ ಕಟ್ಟುವುದಾದರೆ ಇಂಜಿನ್ ಓಡಿಸುವ ಚಕ್ರಗಳಿಗೆ ಕಟ್ಟಬೇಕು, 40ಕ್ಕಿಂತ ಮೇಲೆ ಹೋಗಬಾರದು, ಬರೀ ಟಾರು ಸಿಕ್ಕ ಕೂಡಲೇ ಬಿಚ್ಚಬೇಕು. ರಾತ್ರಿ ಹ್ಯಾಂಡ್ ಬ್ರೇಕ್ ಎಳೆದರೆ ಹೆಪ್ಪುಗಟ್ಟಿ ಕೂರಬಹುದು, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ನನ್ನನ್ನು ಕೇಳಿದರೆ ಮನಾಲಿಯವರೆಗೆ ನೀವು ಓಡಿಸಿ, ಅಲ್ಲಿಂದ ಮೇಲಕ್ಕೆ ಅಲ್ಲಿನವರ ಗಾಡಿ ಹತ್ತಿ.

"ಸ್ನೋನಲ್ಲಿ ಸಿಕ್ಕಿಹಾಕಿಕೊಂಡ್ರೆ?"

ಆಕ್ಸಲರೇಟರ್ ತುಳಿದಷ್ಟೂ ಗುಂಡಿ ಆಳವಾಗುತ್ತದೆ. ಚಕ್ರದ ಸುತ್ತ ಅಗೆದು, ಮರಳನ್ನೋ ಕಾಲೊರಸನ್ನೋ ಕೊಟ್ಟು, ಮುಂದೆ ಹಿಂದೆ ತೂಗಾಡಿಸಿ ಹೊರಗೆ ತನ್ನಿ. ಡಿಕ್ಕಿಯಲ್ಲಿ ಸಣ್ಣ ಸಲಿಕೆ, ಕಂಬಳಿ, ಟಾರ್ಚು, ನೀರು, ತಿನ್ನಲು ಏನಾದರೂ ಇರಲಿ. ನಮ್ಮ ಕಾರಿನಲ್ಲಿ ಕೋಡುಬಳೆ ಡಬ್ಬ ಕಾಯಂ. ಇಂಜಿನ್ ಚಾಲೂ ಇಟ್ಟು ಕಾಯುವುದಾದರೆ ಹೊಗೆ ಕೊಳವೆಯ ಸುತ್ತಲಿನ ಸ್ನೋ ಮೊದಲು ತೆಗೆಯಿರಿ, ಅದು ಮುಚ್ಚಿದರೆ ವಿಷಗಾಳಿ ಒಳಗೆ ಬರುತ್ತದೆ. ಇದರಿಂದ ಜೀವ ಹೋಗುತ್ತದೆ, ತಮಾಷೆಯಲ್ಲ.

"ಎಲ್ಲಾ ಸರಿ ಇದೆ, ಟೈರೂ ಇದೆ. ಹೊರಡಬೇಕೋ ಬೇಡವೋ ಅಂತ ಹೇಗೆ ತೀರ್ಮಾನ ಮಾಡ್ತೀರಿ?"

ಹೊರಡುವ ಮೊದಲು ಒಂಟಾರಿಯೋ 511 ನೋಡುತ್ತೇನೆ, ರಸ್ತೆಯ ಸ್ಥಿತಿ ಅದರಲ್ಲಿ ಗೊತ್ತಾಗುತ್ತದೆ. ಬರೀ ಸ್ನೋ ಆದರೆ ಒಂದು ಗಂಟೆ ಮೊದಲು ಹೊರಡುತ್ತೇನೆ, ಉಪ್ಪು ಹಾಕುವ ಲಾರಿಯ ಹಿಂದೆ ದೂರ ಬಿಟ್ಟು ಹೋಗುತ್ತೇನೆ, ಅದನ್ನು ಹಿಂದಿಕ್ಕುವುದಿಲ್ಲ. ಬ್ಯಾರಿ ಎಂಬ ಊರಿನ ಕಡೆಗೆ ಹೋಗುವ 400ನೇ ಹೆದ್ದಾರಿಯಲ್ಲಿ ಸರೋವರದ ಕಡೆಯಿಂದ ಹಿಮದ ಬಿರುಗಾಳಿ ಎದ್ದರೆ ಮುಂದಿನ ಕಾರಿನ ದೀಪವೂ ಕಾಣುವುದಿಲ್ಲ. ಟೈರ್ ಕಣ್ಣಿಗೆ ಬದಲಿಯಲ್ಲ, ಆ ಬಿರುಗಾಳಿಯ ಎಚ್ಚರಿಕೆ ಇದ್ದ ದಿನ ಆ ಕಡೆ ಹೋಗುವುದಿಲ್ಲ.

ಇನ್ನು ಫ್ರೀಜಿಂಗ್ ರೇನ್. ಮಳೆಯಾಗಿ ಬಿದ್ದು ನೆಲ ಮುಟ್ಟುತ್ತಲೇ ಐಸ್ ಆಗುವುದು. 1998ರ ಜನವರಿಯಲ್ಲಿ ಪೂರ್ವ ಒಂಟಾರಿಯೋ, ಕ್ವಿಬೆಕ್‌ಗಳಲ್ಲಿ ವಿದ್ಯುತ್ ಗೋಪುರಗಳನ್ನೇ ಬಗ್ಗಿಸಿದ ಮಳೆ ಅದು. ಅದಕ್ಕೆ ಮೊಳೆ ಟೈರ್ ಬಿಟ್ಟರೆ ಬೇರೆ ಮದ್ದಿಲ್ಲ, ಮೊಳೆ ಟೈರಿಗೆ ದಕ್ಷಿಣ ಒಂಟಾರಿಯೋದಲ್ಲಿ ಅನುಮತಿ ಇಲ್ಲ. ಆ ದಿನ ಆಫೀಸಿಗೆ ಫೋನ್ ಮಾಡಿ ಮನೆಯಿಂದಲೇ ಕೆಲಸ ಅನ್ನುತ್ತೇನೆ. ಅಂಗಳಕ್ಕೆ ಉಪ್ಪು ಚೆಲ್ಲಲು ಹೋಗಿ ಎರಡು ಸಲ ಬಿದ್ದಿದ್ದೇನೆ, ಅದೂ ಚಪ್ಪಲಿಯಲ್ಲಿ.